ಮಾವನ ಕೆನ್ನೆಯ ಸೀಲು

ಹೇಳಿದ ಬೆಲೆಗೆ ನಾನು ಜೀವಮಾನದಲ್ಲಿ ಏನನ್ನೂ ಕೊಂಡವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೊಂದಿತ್ತು. ಈಗ ಸುಸ್ತಿನಿಂದ ಹೇಳುತ್ತಿದ್ದೇನೆ. ಅಗ್ಗದ ವಸ್ತುವಿಗೆ ಒಂದು ಗುಣ ಉಂಟು. ಅಂಗಡಿಯಲ್ಲಿ ಬಿಟ್ಟುಕೊಟ್ಟದ್ದನ್ನು ಅದು ನಿಮ್ಮ ಹಿಂದೆಯೇ ಮನೆಗೆ ಬಂದು ವಸೂಲು ಮಾಡಿಕೊಳ್ಳುತ್ತದೆ. ನಿಮ್ಮ ಸೊಂಟದಿಂದ, ನಿದ್ದೆಯಿಂದ, ಹೆಂಡತಿಯ ಮುಖದಿಂದ. ಉಲ್ಲಾಸನಗರದಲ್ಲಿ ಅರ್ಧ ದಿನ ನಿಂತು ಚೌಕಾಶಿ ಮಾಡಿ ತಂದ ನಮ್ಮ ಸೋಫಾ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಹಗ್ಗ ಕಟ್ಟಿ ಮೂರನೇ ಮಾಳಿಗೆಗೆ ಎಳೆಯುವಾಗ ಅದರ ಒಂದು ಕಾಲು ಕೆಳಗಿನ ಮನೆಯವರ ಗ್ರಿಲ್ಲಿನಲ್ಲೇ ಉಳಿಯಿತು. ಅಂದಿನಿಂದ ಆ ಜಾಗದಲ್ಲಿ ಇಟ್ಟಿಗೆ ಇದೆ. ಬಂದವರು ಕೂರುವ ಮೊದಲು ನನ್ನ ಹೆಂಡತಿ ಸುಲೋಚನಾ, “ಆಚೆ ಕೂತ್ಕೊಳ್ಳಿ, ಅದು ಇವರು ಉಳಿತಾಯ ಮಾಡಿದ ಬದಿ” ಎನ್ನುತ್ತಾಳೆ.

ಕಸುಬಿನಿಂದ ನಾನು ಹೋಟೆಲುಗಳಿಗೆ ಸಾಮಾನು ಒದಗಿಸುವವನು. ಪೇಪರ್ ನ್ಯಾಪ್ಕಿನ್, ಪಾರ್ಸೆಲ್ ಡಬ್ಬಿ, ಕಪ್ಪು ಕಸದ ಚೀಲ, ಆಮೇಲೆ ಆಮೇಲೆ ಕಾಫಿಪುಡಿ, ಒಗೆಯುವ ಸೋಡಾ, ಹೀಗೆ. ಊರು ಬಿಟ್ಟು ಮುಂಬಯಿಯ ಹೊರವಲಯದ ಡೊಂಬಿವಲಿಗೆ ಬಂದ ಹೊಸತರಲ್ಲಿ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ನ್ಯಾಪ್ಕಿನ್ ಕಟ್ಟಿನ ಮೇಲೆ ಕೂತು ಬದಲಾಪುರದಿಂದ ಠಾಣೆಯವರೆಗೆ ಒಂದೊಂದು ಸ್ಟೇಷನ್ನಿಗೂ ಇಳಿದು ಹತ್ತಿದವನು. ಈ ಕಸುಬಿನಲ್ಲಿ ಸಾಮಾನಿನ ಜೊತೆ ಸಲಹೆಯನ್ನೂ ಕೊಡಬೇಕು. ಸಾಮಾನಿಗೆ ದರ ಉಂಟು, ಸಲಹೆ ಪುಕ್ಕಟೆ. ಹಾಗಾಗಿ ನಾನು ಸಲಹೆಯನ್ನು ಧಾರಾಳವಾಗಿ ಕೊಡುತ್ತ ಬಂದಿದ್ದೇನೆ. ಈ ಪ್ರಬಂಧ ಅದರ ಫಲ.

ವಿಷಯ ನನ್ನ ಮಾವನದು, ಸುಲೋಚನಾಳ ಅಪ್ಪನದು. ಅವರು ಠಾಕುರ್ಲಿಯಿಂದ ಮುಂಬಯಿಯ ವಿ.ಟಿ.ಗೆ ಮೂವತ್ತು ವರ್ಷ ಹೋಗಿ ಬಂದ ಗುಮಾಸ್ತರು. ಇದ್ದ ಒಂದೇ ಶೋಕಿಯೆಂದರೆ ಕ್ಯಾಮೆರಾ. ಮನೆಯ ಆಲ್ಬಮ್ಮಿನಲ್ಲಿ ಅತ್ತೆ ಇದ್ದಾರೆ, ಮಕ್ಕಳಿದ್ದಾರೆ, ಚಾಳಿನ ನೆರೆಹೊರೆ ಇದೆ, ಯಾರದೋ ಮದುವೆಗೆ ಬಂದ ಬ್ಯಾಂಡಿನವರೂ ಇದ್ದಾರೆ, ಮಾವ ಇಲ್ಲ. ಇರುವುದು ಹೇಗೆ, ಕ್ಯಾಮೆರಾದ ಹಿಂದೆ ಇದ್ದವರು ಅವರೇ ತಾನೆ! ಯಾರಾದರೂ “ನಿಮ್ಮದೊಂದು ತೆಗೀತೇವೆ, ಕೊಡಿ” ಎಂದರೆ “ರೋಲು ವೇಸ್ಟ್ ಮಾಡ್ಬೇಡಿ” ಎನ್ನುತ್ತಿದ್ದರಂತೆ. ಈ ಒಂದು ಮಾತಿಗಾಗಿ ನನಗೆ ಅವರ ಮೇಲೆ ಬಹಳ ಗೌರವ. ಅವರು ಹೋದಾಗ ಹಾರ ಹಾಕಲು ಫೋಟೋ ಬೇಕಾಯಿತು. ಸಿಕ್ಕಿದ್ದು ರೈಲ್ವೆ ಪಾಸಿನ ಗುರುತಿನ ಚೀಟಿ ಒಂದೇ. ಅದನ್ನೇ ದೊಡ್ಡದು ಮಾಡಿಸಿದರು. ಚೀಟಿಯ ಜೊತೆ ಅದರ ಮೇಲಿದ್ದ ಸೀಲೂ ದೊಡ್ಡದಾಯಿತು. ಬಲಗೆನ್ನೆಯಿಂದ ಗಲ್ಲದವರೆಗೆ ಒಂದು ಅರ್ಧಚಂದ್ರ, ಅದರೊಳಗೆ ‘ರೈಲ್ವೆ’ ಎಂಬ ಅಕ್ಷರಗಳ ಕೊನೆ. ಗೋಡೆಯ ಮೇಲಿನ ಮಾವ ಯಾವಾಗಲೂ ಟಿಕೆಟ್ ತಪಾಸಣೆಯವನ ಎದುರು ನಿಂತ ಹಾಗೆ ಕಾಣುತ್ತಿದ್ದರು. ಒಮ್ಮೆ ಒಬ್ಬ ಕಂಪ್ಯೂಟರಿನವನ ಹತ್ತಿರ ಸೀಲು ಅಳಿಸಲು ಕೊಟ್ಟೆವು. ಸೀಲು ಹೋಯಿತು, ಜೊತೆಗೆ ಅರ್ಧ ಮೀಸೆಯೂ, ಗಲ್ಲದ ಮೇಲಿದ್ದ ನರೋಲಿಯೂ ಹೋಯಿತು. ಸುಲೋಚನಾ ಅದನ್ನು ನೋಡಿ, “ಇವರು ಯಾರು?” ಎಂದು ಕೇಳಿ, ಸೀಲಿನ ಅಪ್ಪನನ್ನೇ ಮತ್ತೆ ಗೋಡೆಗೆ ತೂಗುಹಾಕಿದಳು.

ಹೀಗಿರುವಾಗ, ಎರಡು ಸಾವಿರದ ಹನ್ನೊಂದೋ ಹನ್ನೆರಡೋ ಇರಬೇಕು, ಅವಳ ತಮ್ಮ ಠಾಕುರ್ಲಿಯ ಹಳೆಯ ಚಾಳಿನ ಕೋಣೆ ಖಾಲಿ ಮಾಡಿದ. ಟ್ರಂಕಿನ ತಳದಲ್ಲಿ ಮಾವನ ಕ್ಯಾಮೆರಾ ಸಿಕ್ಕಿತು. ಒಳಗೆ ರೋಲು ಹಾಗೆಯೇ ಇತ್ತು, ತೊಳೆಸದ, ಅಂದರೆ ಡೆವಲಪ್ ಮಾಡಿಸದ ರೋಲು. ಸುಲೋಚನಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ ಹೇಳಿದಳು: ಮಾವ ಹೋಗುವ ವರ್ಷ ಎಲ್ಲರೂ ಟಿಟ್ವಾಳಾದ ಗಣಪತಿಗೆ ಹೋಗಿದ್ದರಂತೆ. ಗುಡಿಯ ಹೊರಗೆ ಅವರು ಬಿಸಿ ಭಜಿ ತಿನ್ನುತ್ತಿದ್ದಾಗ ಇವಳು ಕ್ಯಾಮೆರಾ ಕಸಿದುಕೊಂಡು ಅವರದ್ದೊಂದು ಫೋಟೋ ಹೊಡೆದಳಂತೆ. “ಬಾಯಿ ತುಂಬ ಭಜಿ ಇತ್ತು. ‘ರೋಲು ವೇಸ್ಟ್ ಮಾಡ್ಬೇಡ ಮಗಾ’ ಅಂತ ಕೈ ಚಾಚಿದ್ರು. ನಗ್ತಾ ಇದ್ರು. ಅದು ಇದರಲ್ಲೇ ಉಂಟು. ಒಂದು ಬಂದ್ರೂ ಸಾಕು, ಅದೊಂದು.”

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಕಡಿಮೆ. ಕೇಳಿದರೆ ಅರ್ಧ ಬೆಲೆಯದ್ದು ಬರುತ್ತದೆಂದು ಗೊತ್ತು. ಇದನ್ನು ಮಾತ್ರ ಕೇಳಿದಳು. ಆಗ ನಾನು ಮಾಡಬೇಕಾಗಿದ್ದದ್ದು ಇಷ್ಟೇ: ಮುಂಬಯಿಯಲ್ಲಿ ಇನ್ನೂ ಫಿಲ್ಮ್ ತೊಳೆಯುತ್ತಿದ್ದ ಒಂದು ಲ್ಯಾಬಿಗೆ ರೋಲು ಕೊಟ್ಟು, ಕೇಳಿದ್ದನ್ನು ಕೊಟ್ಟು, ತೆಪ್ಪಗೆ ಮನೆಗೆ ಬರುವುದು. ಹೋದೆ ಕೂಡ. ಆದರೆ ಕೌಂಟರಿನವ ದರ ಹೇಳಿ, “ಹಳೆಯ ರೋಲು, ಗ್ಯಾರಂಟಿ ಇಲ್ಲ” ಎಂದ. ಗ್ಯಾರಂಟಿ ಇಲ್ಲದ್ದಕ್ಕೆ ಪೂರ್ತಿ ದರವೇ? “ಫೋಟೋ ಬಂದರೆ ಪೂರ್ತಿ, ಬರದಿದ್ದರೆ ಅರ್ಧ” ಎಂದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕಾಕಾ, ಡಾಕ್ಟರ ಹತ್ತಿರವೂ ಹೀಗೇ ಮಾತಾಡ್ತೀರಾ?” ಎಂದು ಹಿಂದಿಯಲ್ಲಿ ಕೇಳಿದ. ಮಾತಾಡುತ್ತೇನೆ, ಅದು ಬೇರೆ ವಿಷಯ. ರೋಲನ್ನು ಜೇಬಿಗೆ ಹಾಕಿಕೊಂಡು ಡೊಂಬಿವಲಿ ಫಾಸ್ಟ್ ಹಿಡಿದೆ. ಮುಲುಂಡ್ ದಾಟುವಷ್ಟರಲ್ಲಿ, ಇದನ್ನು ಮನೆಯಲ್ಲೇ ತೊಳೆಯುವುದೆಂದು ನಿಶ್ಚಯವಾಗಿತ್ತು. ಲೋಕಲ್ಲಿನಲ್ಲಿ ನಿಂತುಕೊಂಡು ಯಾವ ನಿಶ್ಚಯವನ್ನೂ ಮಾಡಬೇಡಿ. ಆ ಹೊತ್ತಿನಲ್ಲಿ ಮನುಷ್ಯನಿಗೆ ಲೋಕವೆಲ್ಲ ತನ್ನನ್ನು ತಳ್ಳುತ್ತಿದೆ ಎಂದೇ ತೋರುತ್ತದೆ.

ಕಲ್ಯಾಣದಲ್ಲಿ ಜೋಶಿ ಕಾಕಾ ಎಂಬ ವೃದ್ಧರ ಸ್ಟುಡಿಯೋ ಮುಚ್ಚುತ್ತಿತ್ತು. ಡಿಜಿಟಲ್ ಬಂದು ಅವರ ಕತ್ತಲೆ ಕೋಣೆಗೆ ಕೆಲಸ ಇರಲಿಲ್ಲ. ನನಗೆ ಬೇಕಾದದ್ದು ಫಿಲ್ಮ್ ತೊಳೆಯುವ ಒಂದು ಸಣ್ಣ ಟ್ಯಾಂಕ್, ಮುಚ್ಚಳವಿರುವ ಕಪ್ಪು ಡಬ್ಬಿ ಅಷ್ಟೆ. ಕಾಕಾ ತಮ್ಮ ಕುರ್ಚಿಯಿಂದ ಏಳದೆ, “ಸಗಳಂ ಘ್ಯಾ, ನಾಹೀತರ್ ರಾಹೂ ದ್ಯಾ” ಎಂದರು. ಒಯ್ದರೆ ಎಲ್ಲವನ್ನೂ ಒಯ್ಯಿರಿ, ಇಲ್ಲವಾದರೆ ಬಿಟ್ಟುಬಿಡಿ. ನನ್ನ ಎಲ್ಲ ವಿದ್ಯೆಯನ್ನೂ ಪ್ರಯೋಗಿಸಿದೆ. ಎದ್ದು ಹೋದಂತೆ ಮಾಡಿದೆ; ಅವರು ಕರೆಯಲಿಲ್ಲ. ತಿರುಗಿ ಬಂದೆ; ಅವರು ಆಶ್ಚರ್ಯಪಡಲಿಲ್ಲ. ಸಾಯಂಕಾಲ ನಾನು ಟೆಂಪೋದಲ್ಲಿ ಟ್ಯಾಂಕಿನ ಜೊತೆ ನಾಲ್ಕು ಟ್ರೇ, ಕೆಂಪು ದೀಪ, ಒಂದು ಪೆಟ್ಟಿಗೆ ಹಳೆಯ ಫೋಟೋ ಕಾಗದ, ಫೋಟೋ ದೊಡ್ಡದು ಮಾಡಿ ಕಾಗದಕ್ಕಿಳಿಸುವ ಆಳೆತ್ತರದ ಒಂದು ಎನ್‌ಲಾರ್ಜರ್ ಹೇರಿಕೊಂಡು ಮನೆಗೆ ಬಂದೆ. ಸುಲೋಚನಾ ಬಾಗಿಲಲ್ಲೇ, “ಇದು ಲಿಫ್ಟಲ್ಲಿ ಬಂತಾ?” ಎಂದು ಮಾತ್ರ ಕೇಳಿದಳು.

ತೊಳೆಯುವ ಮದ್ದು ಯಾವುದು ಎಂಬುದು ಮುಂದಿನ ಪ್ರಶ್ನೆ. ನನ್ನ ಮಗಳು ನಿಧಿ ಆಗ ಕಾಲೇಜಿನಲ್ಲಿದ್ದಳು. ನಾವು ಮನೆಯಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಅವಳು ಇಂಟರ್ನೆಟ್ಟಿನಲ್ಲಿ ಹುಡುಕಿ, ಮಾವನ ರೋಲಿನಂಥ ಕಪ್ಪು-ಬಿಳುಪು ಫಿಲ್ಮನ್ನು ಕಾಫಿಯಲ್ಲೇ ತೊಳೆಯಬಹುದೆಂದು ಕಂಡುಹಿಡಿದಳು. ಕಾಫಿ, ಬಟ್ಟೆ ಒಗೆಯುವ ಸೋಡಾ, ಒಂದಿಷ್ಟು ಸಿ ವಿಟಮಿನ್ ಪುಡಿ. ಆಮೇಲೆ ಚಿತ್ರ ನಿಲ್ಲಲು ಹೈಪೋ. ನನಗೆ ರೋಮಾಂಚನವಾಯಿತು. ಕಾಫಿ ನನ್ನ ವ್ಯಾಪಾರ, ಸೋಡಾ ನನ್ನ ವ್ಯಾಪಾರ. ಹೈಪೋ ಎಲ್ಲಿ ಸಿಗುತ್ತದೆಂದು ಕೇಳುತ್ತೀರಾದರೆ, ಫೋಟೋ ಅಂಗಡಿಗೆ ಹೋಗಬೇಡಿ. ಅಕ್ವೇರಿಯಮ್ ಅಂಗಡಿಗೆ ಹೋಗಿ. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಮೀನು ಸಾಕುವವರು ಹಾಕುವ ಸಕ್ಕರೆ ಹರಳಿನಂಥದ್ದು ಅದೇ ಹೈಪೋ. ಹೀಗೆ ದೇವರೇ ನನಗಾಗಿ ಈ ವಿದ್ಯೆಯನ್ನು ಸೃಷ್ಟಿಸಿದ್ದಾನೆ ಎನಿಸಿತು.

“ಪಪ್ಪಾ, ಇನ್‌ಸ್ಟಂಟ್ ಕಾಫೀಚ್ ಪಾಹಿಜೆ” ಎಂದಳು ನಿಧಿ. ಇನ್‌ಸ್ಟಂಟ್ ಕಾಫಿಯೇ ಆಗಬೇಕು ಎಂದು. ಹೇಳಿದ್ದಷ್ಟೇ ಅಲ್ಲ, ಕೆಳಗಿನ ಅಂಗಡಿಯಿಂದ ಒಂದು ಪೊಟ್ಟಣ ತಂದೂ ಇಟ್ಟಳು.

ಓದುಗರೇ, ನೀವೇ ನ್ಯಾಯ ಹೇಳಿ. ಉಡುಪಿ ಹೋಟೆಲುಗಳ ಕಾಫಿಯ ಹಬೆಯಲ್ಲೇ ಅರ್ಧ ಆಯುಷ್ಯ ಕಳೆದವನು ನಾನು. ಬಿಸಿನೀರಿಗೆ ಪುಡಿ ಉದುರಿಸಿ ಚಮಚ ತಿರುಗಿಸಿದರೆ ಅದನ್ನು ಕಾಫಿ ಎನ್ನುತ್ತಾರೆಯೆ? ಅದರಲ್ಲಿ ಮನುಷ್ಯನಿಗೇ ಎಚ್ಚರವಾಗುವುದಿಲ್ಲ, ಇಪ್ಪತ್ತೈದು ವರ್ಷ ಮಲಗಿದ ಫಿಲ್ಮಿಗೆ ಹೇಗೆ ಆದೀತು? “ನಿನಗೆ ಗೊತ್ತಿಲ್ಲ, ಅದನ್ನು ಬರೆದ ಬಿಳಿಯರಿಗೆ ಫಿಲ್ಟರ್ ಕಾಫಿ ಅಂದರೆ ಎಂತದೆಂದು ಗೊತ್ತಿಲ್ಲ. ಗೊತ್ತಿದ್ದರೆ ಅದನ್ನೇ ಬರೀತಿದ್ರು” ಎಂದು ಮಗಳಿಗೆ ತಿಳಿಹೇಳಿ, ಠಾಕುರ್ಲಿ ಸ್ಟೇಷನ್ನಿನ ಹತ್ತಿರ ಹೋಟೆಲಿಟ್ಟಿರುವ ನನ್ನ ಹಳೆಯ ಗಿರಾಕಿ ಶೀನಣ್ಣನ ಬಳಿ ಹೋದೆ.

“ಒಂದು ಲೀಟರ್ ಫಸ್ಟ್ ಡಿಕಾಕ್ಷನ್ ಬೇಕಿತ್ತಲ್ಲ ಶೀನಣ್ಣ.”

“ಮನೆಯಲ್ಲಿ ಮದುವೆಯೋ ಮಾರಾಯ?”

“ಮಾವನಿಗೆ.”

ಶೀನಣ್ಣ ಗಲ್ಲಾ ಪೆಟ್ಟಿಗೆಯಿಂದ ಕಣ್ಣೆತ್ತಿ ನೋಡಿದ. ಮಾವ ಹೋಗಿ ಎಷ್ಟು ವರ್ಷವಾಯಿತೆಂದು ಅವನಿಗೆ ಗೊತ್ತು. ವಿಷಯ ಬಿಡಿಸಿ ಹೇಳಿದೆ. ಅವನು “ಪುಣ್ಯದ ಕೆಲಸ” ಎಂದು ಸ್ಟೀಲ್ ಕ್ಯಾನಿನಲ್ಲಿ ತುಂಬಿಸಿ ಕೊಟ್ಟ. ಇಂಥ ಕಪ್ಪು, ಇಂಥ ಗಟ್ಟಿ! ಚಮಚ ನೆಟ್ಟಗೆ ನಿಲ್ಲಬೇಕು.

ಕತ್ತಲೆ ಕೋಣೆಗೆ ನಮ್ಮ ಬಚ್ಚಲು. ಇಲ್ಲಿ ಒಂದು ತೊಡಕಿದೆ. ನಮ್ಮ ಫ್ಲ್ಯಾಟಿನಲ್ಲಿ ಬಚ್ಚಲ ದೀಪದ ಸ್ವಿಚ್ಚು ಹೊರಗೆ. ದಾಟಿಹೋಗುವವರೆಲ್ಲ ಅಭ್ಯಾಸಬಲದಿಂದ ಒತ್ತುತ್ತಾರೆ. ಫಿಲ್ಮ್ ಕೈಯಲ್ಲಿರುವಾಗ ಯಾರಾದರೂ ಒಮ್ಮೆ ಒತ್ತಿದರೆ ಮಾವ ಎರಡನೇ ಸಲ ಹೋದ ಹಾಗೆಯೇ. ಇದಕ್ಕೆ ನಾನು ಕಂಡುಹಿಡಿದ ಉಪಾಯವನ್ನು ನೀವೂ ಬರೆದಿಟ್ಟುಕೊಳ್ಳಬಹುದು. ಎಂಐಡಿಸಿ ಕಾರ್ಖಾನೆಗಳ ಬದಿಯಲ್ಲಿರುವ ನಮಗೆ ಶುಕ್ರವಾರ ಹಗಲು ಹೊತ್ತು ಕರೆಂಟು ತೆಗೆಯುತ್ತಿದ್ದರು. ಕರೆಂಟೇ ಇಲ್ಲದಾಗ ಸ್ವಿಚ್ಚನ್ನು ಎಷ್ಟು ಸಲ ಒತ್ತಿದರೇನು? ಗವಾಕ್ಷಿಗೆ ನನ್ನದೇ ಕಸದ ಚೀಲ ಎರಡು ಪದರ ಅಂಟಿಸಿದೆ, ಬಾಗಿಲ ಸಂದಿಗೆ ಗೋಣಿ ತುರುಕಿದೆ. ಒಳಗೆ ಕೂತು ಕೈ ಎತ್ತಿ ನೋಡಿದೆ, ಕೈ ಕಾಣಲಿಲ್ಲ. ಪರಮ ಸಂತೋಷವಾಯಿತು.

ಸಂತೋಷ ಅಲ್ಲಿಗೇ ಮುಗಿಯಿತೆನ್ನಿ. ಗಾಳಿಯಿಲ್ಲದ ಬಚ್ಚಲಿನಲ್ಲಿ, ಮೇ ತಿಂಗಳ ಶುಕ್ರವಾರ, ಮೋರಿ ಕಟ್ಟೆಯ ಮೇಲೆ ಕೂತು ಒಂದೂವರೆ ಗಜದ ಫಿಲ್ಮನ್ನು ಕಣ್ಣಿಲ್ಲದೆ ಪ್ಲಾಸ್ಟಿಕ್ ಸುರುಳಿಗೆ ಏರಿಸಬೇಕು. ಟಿ.ವಿ. ಎದುರು ವಾರವಿಡೀ ಕಣ್ಣು ಮುಚ್ಚಿ ಹಾಳು ಫಿಲ್ಮಿನಲ್ಲಿ ಅಭ್ಯಾಸ ಮಾಡಿದ್ದೆ. ಆದರೆ ಹಳೆಯ ಫಿಲ್ಮಿಗೆ ಇಪ್ಪತ್ತೈದು ವರ್ಷ ಸುತ್ತಿಕೊಂಡೇ ಇದ್ದ ಹಟ. ಬಿಟ್ಟರೆ ಹಾವಿನಂತೆ ಮತ್ತೆ ಸುರುಳಿ. ಬೆವರು ಮೂಗಿನ ತುದಿಗೆ ಬಂದು ನಿಂತಿತು. ಅದು ಫಿಲ್ಮಿನ ಮೇಲೆ ಬೀಳಬಾರದೆಂದು ಮುಖವನ್ನು ಗೋಡೆಗೆ ತಿರುಗಿಸಿಕೊಂಡು ಕೆಲಸ ಮಾಡಿದೆ. ಅಷ್ಟರಲ್ಲಿ ಹೊರಗಿನಿಂದ ನಮ್ಮ ಕೆಲಸದ ಬಾಯಿ ಬಾಗಿಲು ಬಡಿದು, ಬಾಲ್ದಿ ಕೇಳಿದಳು. “ಒಳಗೆ ಸಾಹೇಬರು ಇದ್ದಾರೆ” ಎಂದಳು ಸುಲೋಚನಾ. “ಒಂದು ಗಂಟೆಯಿಂದಲೂ?” ಎಂದಳು ಬಾಯಿ. ಆಮೇಲೆ ಇಬ್ಬರ ಧ್ವನಿಯೂ ತಗ್ಗಿತು. ಬಾಯಿ ಮರುದಿನ ನನಗೆಂದು ಮನೆಯಿಂದ ಓಂಕಾಳು ತಂದುಕೊಟ್ಟಳು.

ಅಂತೂ ಟ್ಯಾಂಕಿನ ಮುಚ್ಚಳ ಬಿತ್ತು. ಇನ್ನು ಬೆಳಕಿನಲ್ಲಿ ಕೆಲಸ. ಶೀನಣ್ಣನ ಡಿಕಾಕ್ಷನ್ನಿಗೆ ಸೋಡಾ, ವಿಟಮಿನ್ ಬೆರೆಸಿ ಹೊಯ್ದೆ. ಕಾಫಿಗೆ ಸೋಡಾ ಬಿದ್ದರೆ ಏಳುವ ವಾಸನೆಯನ್ನು ವರ್ಣಿಸುವುದಿಲ್ಲ. ನೀವು ಊಟ ಮಾಡಿರಬಹುದು. ಎದುರು ಮನೆಯವರು ಗ್ಯಾಸ್ ಸೋರುತ್ತಿದೆಯೇ ಎಂದು ವಿಚಾರಿಸಿದರು. ಹದಿನೈದು ನಿಮಿಷ ಟ್ಯಾಂಕನ್ನು ತಲೆಕೆಳಗು ಮಾಡಿ, ನೆಟ್ಟಗೆ ಮಾಡಿ, ಆಮೇಲೆ ಹೈಪೋ ಹಾಕಿ, ಕೊನೆಗೆ ತೊಳೆಯುವುದು. ಕರೆಂಟಿಲ್ಲದ್ದರಿಂದ ಪಂಪಿಲ್ಲ, ಪಂಪಿಲ್ಲದ್ದರಿಂದ ನಲ್ಲಿಯಿಲ್ಲ. ಡ್ರಮ್ಮಿನಲ್ಲಿ ಹಿಡಿದಿಟ್ಟ ಬೋರ್ ನೀರಿನಲ್ಲೇ ತೊಳೆದೆ. “ಕೊನೆಗೆ ಒಂದು ಸಲ ಡಿಸ್ಟಿಲ್ಡ್ ವಾಟರ್” ಎಂದು ನಿಧಿ ಮರಾಠಿಯಲ್ಲಿ ಗೊಣಗಿದಳು. ನೀರನ್ನೂ ದುಡ್ಡು ಕೊಟ್ಟು ತಂದು ನೀರಿನಿಂದ ತೊಳೆದದ್ದನ್ನು ತೊಳೆಯಬೇಕೆ?

ಕಿಟಕಿಯ ಹತ್ತಿರ ಹೋಗಿ ಫಿಲ್ಮ್ ಬಿಚ್ಚಿ ಬೆಳಕಿಗೆ ಹಿಡಿದೆ. ಸುಲೋಚನಾ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಆವತ್ತು ಅವಳು ಬೆಳಿಗ್ಗೆಯೇ ತಲೆಸ್ನಾನ ಮಾಡಿದ್ದನ್ನು ಆಗ ಗಮನಿಸಿದೆ.

ಫಿಲ್ಮಿನಲ್ಲಿ ಏನೂ ಇರಲಿಲ್ಲ. ಏನೂ ಇಲ್ಲವೆಂದರೆ, ಓರೆ ಹಿಡಿದರೆ ಎಲ್ಲೋ ಹೊಗೆಯಾಡಿದಂತೆ, ಗಾಜಿನ ಮೇಲೆ ಉಸಿರು ಬಿಟ್ಟಂತೆ ಒಂದು ಮಬ್ಬು. ಅವಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಬೈಯಲಿಲ್ಲ. “ಆಯ್ತಲ್ಲ, ಊಟಕ್ಕೆ ಬನ್ನಿ” ಎಂದು ಒಳಗೆ ಹೋದಳು. ನಲವತ್ತು ಗಿರಾಕಿಗಳ ಬೈಗುಳ ತಿಂದು ಜೀರ್ಣಿಸಿಕೊಂಡವನಿಗೆ ಆ ಒಂದು ಊಟ ಜೀರ್ಣವಾಗಲಿಲ್ಲ. ಸಾರು ಬಡಿಸುವಾಗ ಅವಳು ನನ್ನನ್ನು ನೋಡದೆ, ಗೋಡೆಯ ಮೇಲಿನ ಸೀಲಿನ ಅಪ್ಪನನ್ನೂ ನೋಡದೆ, ನಡುವಿನ ಎಲ್ಲೋ ನೋಡುತ್ತಿದ್ದಳು.

ಮರುದಿನ ಫಿಲ್ಮನ್ನು ಸುತ್ತಿಕೊಂಡು ಕಲ್ಯಾಣಕ್ಕೆ ಹೋದೆ. ಜೋಶಿ ಕಾಕಾ ಕನ್ನಡಕ ಹಣೆಗೇರಿಸಿ, ಫಿಲ್ಮನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. “ಹಳೆಯ ಫಿಲ್ಮ್, ಹೋಗಿಬಿಟ್ಟಿರಬೇಕು, ಅಲ್ಲವೆ?” ಎಂದು ನಾನೇ ತೀರ್ಪು ಕೊಟ್ಟೆ. ಅವರು ಅಂಚನ್ನು ತೋರಿಸಿದರು. ಫಿಲ್ಮಿನ ಅಂಚಿನಲ್ಲಿ ಒಂದು, ಎರಡು, ಮೂರು ಎಂದು ಕಂಪನಿಯವರೇ ಮೂಡಿಸಿದ ಅಂಕಿಗಳಿರುತ್ತವೆ, ಅವೂ ಮಬ್ಬಾಗಿದ್ದವು. “ಹಳತಾಗಿ ಹೋಗಿದ್ದರೆ ಇಡೀ ಫಿಲ್ಮೇ ಕಪ್ಪಗಾಗಬೇಕಿತ್ತು, ನಿಮ್ಮ ಮಾವ ತೆಗೆದದ್ದರಲ್ಲಿ ತಪ್ಪಿದ್ದರೆ ಅಂಕಿಯಾದರೂ ಕಪ್ಪಗೆ ಬರಬೇಕಿತ್ತು. ಮದ್ದಿನಲ್ಲೇ ಜೀವ ಇರಲಿಲ್ಲ” ಎಂದರು. ಯಾವ ಮದ್ದು ಎಂದು ಕೇಳಿದರು. ಹೇಳಿದೆ. ಕಾಕಾ ಕನ್ನಡಕವನ್ನು ಮತ್ತೆ ಮೂಗಿಗಿಳಿಸಿ ನನ್ನನ್ನು ನೋಡಿದರು. ಆಮೇಲೆ ಮೆಲ್ಲನೆ, “ಅದರಲ್ಲಿ ಕಾಫಿ ಎಷ್ಟಿತ್ತು?” ಎಂದರು.

ಈ ಪ್ರಶ್ನೆಯನ್ನು ಹೊತ್ತುಕೊಂಡು ಠಾಕುರ್ಲಿಯಲ್ಲಿ ಇಳಿದೆ. ಬೆಳಗಿನ ರಶ್ಶು ಮುಗಿದು ಶೀನಣ್ಣ ಪೇಪರು ಓದುತ್ತಿದ್ದ.

“ಶೀನಣ್ಣ, ದೇವರ ಮೇಲೆ ಆಣೆ ಇಟ್ಟು ಹೇಳು. ಪುಡಿಯಲ್ಲಿ ಚಿಕೋರಿ ಎಷ್ಟು?”

“ಅರ್ಧಕ್ಕರ್ಧ” ಎಂದ ಅವ, ಪುಟ ತಿರುಗಿಸುತ್ತ.

“ಅರ್ಧ! ಜನರಿಗೆ ಬೇರು ಕುದಿಸಿ ಕುಡಿಸ್ತೀಯಲ್ಲ, ನಾಚಿಕೆ ಇಲ್ವಾ ನಿನಗೆ?”

ಶೀನಣ್ಣ ಪೇಪರು ಮಡಚಿಟ್ಟ. “ನೀನೇ ಹೇಳಿದ್ದಲ್ವಾ ಮಾರಾಯ? ಹೋದ ಗಣಪತಿ ಹಬ್ಬಕ್ಕೆ ಬೀಜದ ರೇಟು ಏರಿತ್ತು. ಇದೇ ಜಾಗದಲ್ಲಿ ನಿಂತು, ‘ಶೀನಣ್ಣ, ಅರ್ಧ ಚಿಕೋರಿ ಹಾಕು, ಬಣ್ಣ ಬರ್ತದೆ, ಗಟ್ಟಿ ಕಾಣ್ತದೆ, ಒಬ್ಬನಿಗೂ ಗೊತ್ತಾಗುದಿಲ್ಲ’ ಅಂದದ್ದು ಯಾರು? ಪುಡಿ ಕಳಿಸುದೂ ನೀನೇ. ನಿನ್ನದೇ ಚೀಲ ಒಳಗುಂಟು, ಬೇಕಾದ್ರೆ ನೋಡು.”

ನೋಡಲು ಹೋಗಲಿಲ್ಲ. ಒಬ್ಬನಿಗೂ ಗೊತ್ತಾಗುವುದಿಲ್ಲ ಎಂದಿದ್ದೆ. ಹೌದು, ಗಿರಾಕಿಗಳಿಗೆ ಗೊತ್ತಾಗಲಿಲ್ಲ, ಹೋಟೆಲು ಒಳ್ಳೆಯದೇ ನಡೆಯುತ್ತಿತ್ತು. ಗೊತ್ತಾದದ್ದು ಒಬ್ಬರಿಗೆ, ನನ್ನ ಮಾವನಿಗೆ. ಶೀನಣ್ಣ ನನ್ನ ಮುಖ ನೋಡಿ ಅಭ್ಯಾಸದಂತೆ ಒಳಗೆ ಕೂಗಿ, “ಒಂದು ಕಾಫಿ” ಎಂದ. ಬೇಡವೆಂದು ಎದ್ದು ಬಂದೆ.

ಮನೆಯಲ್ಲಿ ಸುಲೋಚನಾಳಿಗೆ ಎಲ್ಲ ಹೇಳಿಬಿಟ್ಟೆ. ವ್ಯಾಪಾರದಲ್ಲಿ ನಷ್ಟವನ್ನು ಮುಚ್ಚಿಟ್ಟರೆ ಅದು ಮರಿ ಹಾಕುತ್ತದೆ ಎಂಬುದು ಇನ್ನೊಂದು ಪುಕ್ಕಟೆ ಸಲಹೆ. ಅವಳು ಹೂಂಗುಟ್ಟಿದಳು, ಅಷ್ಟೆ. ಆದರೆ ಒಳಗೆ ಓದುತ್ತ ಕೂತಿದ್ದ ನಿಧಿ ಹೊರಗೆ ಬಂದು ನನ್ನ ಕೈಯಿಂದ ಫಿಲ್ಮ್ ತೆಗೆದುಕೊಂಡಳು. ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮುಂದೆ ಫಿಲ್ಮನ್ನು ನಿಲ್ಲಿಸಿ, ತನ್ನ ಡಿಜಿಟಲ್ ಕ್ಯಾಮೆರಾದಲ್ಲಿ ಒಂದೊಂದೇ ಚಿತ್ರ ಹೊಡೆದಳು. ಸ್ಕ್ಯಾನರ್ ತರುತ್ತೇನೆ, ಸೆಕೆಂಡ್ ಹ್ಯಾಂಡಿನಲ್ಲಿ ನನಗೆ ಗೊತ್ತಿರುವವನೊಬ್ಬನಿದ್ದಾನೆ ಎಂದು ಬಾಯಿ ತೆರೆದೆ. ತಾಯಿ-ಮಗಳು ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಬಾಯಿ ಮುಚ್ಚಿದೆ. ಕಂಪ್ಯೂಟರಿನಲ್ಲಿ ಬಿಳಿಯನ್ನು ಕಪ್ಪು, ಕಪ್ಪನ್ನು ಬಿಳಿ ಮಾಡಿ, ಆ ಮಬ್ಬನ್ನು ಎಳೆದೂ ಎಳೆದೂ ಗಾಢ ಮಾಡುತ್ತ ಹೋದಳು. ಮೊದಲು ಗುಡಿಯ ಮೆಟ್ಟಿಲು ಬಂತು. ಅತ್ತೆಯ ಸೆರಗು ಬಂತು. ಹನ್ನೆರಡು, ಹದಿನೆಂಟು, ಇಪ್ಪತ್ತು. ಮೂರು ಚಿತ್ರ ಬರೀ ಮಂಜು. ಇಪ್ಪತ್ನಾಲ್ಕರಲ್ಲಿ ಒಂದು ಕೈ ಕಾಣಿಸಿತು, ನಮ್ಮ ಕಡೆಗೇ ಚಾಚಿದ ದೊಡ್ಡ ಅಂಗೈ. ಅದರ ಹಿಂದೆ ಉಬ್ಬಿದ ಕೆನ್ನೆ, ಮುಚ್ಚಿದ ಕಣ್ಣು, ನಗು. ಇಡೀ ಮುಖ ಸಾರಣೆ ಮಾಡಿದ ಗೋಡೆಯಂತೆ ತರಿತರಿ. ಆದರೆ ಮೀಸೆ ಪೂರ್ತಿ ಇತ್ತು. ನರೋಲಿಯೂ ಇತ್ತು.

“ಆಜೋಬಾ” ಎಂದಳು ನಿಧಿ, ಅವಳು ಹುಟ್ಟುವ ಮೊದಲೇ ಹೋಗಿದ್ದ ಅಜ್ಜನನ್ನು. ಸುಲೋಚನಾ ಪರದೆಯ ಮೇಲೆ ಆ ಅಂಗೈಗೆ ಬೆರಳು ತಾಗಿಸಿ, “ಭಜಿ ಕಾಣ್ತದೆ ನೋಡಿ, ಬಾಯಲ್ಲಿ” ಎಂದಳು. ನನಗೆ ಕಾಣಲಿಲ್ಲ. ಕಾಣುತ್ತದೆ ಎಂದೆ.

ಎನ್‌ಲಾರ್ಜರಿಗೆ ಒಂದು ಅವಕಾಶ ಕೊಡದಿದ್ದರೆ ಮನಸ್ಸು ಕೇಳುವುದಿಲ್ಲವಲ್ಲ. ಮುಂದಿನ ಶುಕ್ರವಾರ ಎರವಲು ತಂದ ಇನ್ವರ್ಟರಿನಲ್ಲಿ ಅದನ್ನು ಉರಿಸಿ, ಕೆಂಪು ದೀಪದಲ್ಲಿ, ಜೋಶಿ ಕಾಕಾ ಕೊಟ್ಟ ಕಾಗದದ ಮೇಲೆ ಮಾವನನ್ನು ಮೂಡಿಸಲು ನೋಡಿದೆ. ಕಾಗದ ಹತ್ತು ವರ್ಷ ಹಿಂದೆಯೇ ಕೆಟ್ಟಿತ್ತು. ಹಾಳೆ ಹಾಳೆಯೂ ದೋಸೆ ಕಾವಲಿಯಂತೆ ಕಪ್ಪಾಯಿತು. ಎನ್‌ಲಾರ್ಜರ್ ಈಗ ಬಾಲ್ಕನಿಯಲ್ಲಿದೆ, ಅದರ ಕುತ್ತಿಗೆಗೆ ಕೊಡೆಗಳನ್ನು ತೂಗುಹಾಕುತ್ತಾರೆ. ಮಾವನನ್ನು ನಿಧಿಯೇ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದಳು. ಎಷ್ಟಾಯಿತೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಗೋಡೆಗೆ ಹಾಕಿದ ಮೇಲೆಯೇ ನಮ್ಮ ಕಣ್ಣಿಗೆ ಬಿದ್ದದ್ದು. ಮಾವನ ಕಿವಿಯ ಕೆಳಗೆ, ಕೆನ್ನೆಗೆ ತಾಗಿಕೊಂಡು ಒಂದು ಸಣ್ಣ ಉಂಗುರ. ಡ್ರಮ್ಮಿನ ಬೋರ್ ನೀರಿನ ಒಂದು ಹನಿ ಫಿಲ್ಮಿನ ಮೇಲೆ ನಿಂತು ಒಣಗಿದ ಗುರುತು. ಕಂಪ್ಯೂಟರಿನಲ್ಲಿ ಅದನ್ನು ಒಂದು ನಿಮಿಷದಲ್ಲಿ ತೆಗೆಯುತ್ತೇನೆಂದಳು ನಿಧಿ. ಸುಲೋಚನಾ ಒಪ್ಪಲಿಲ್ಲ. “ಬೇಡ. ಅದನ್ನು ತೆಗೆಯಲು ಹೋಗಿ ಇನ್ನೇನನ್ನೋ ತೆಗೀತೀರಿ” ಎಂದಳು.

ಒಂದು ಆದಿತ್ಯವಾರ ಶೀನಣ್ಣ ಬಂದ. ಇಟ್ಟಿಗೆಯಿಲ್ಲದ ಬದಿಯಲ್ಲಿ ಕೂತು ಗೋಡೆಯನ್ನು ಬಹಳ ಹೊತ್ತು ನೋಡಿ, “ಜೀವಂತ ಇದ್ದ ಹಾಗೇ ಉಂಟು ಅತ್ತಿಗೆ. ಆದ್ರೆ ಈ ಕೆನ್ನೆ ಹತ್ತಿರ ರೌಂಡಾಗಿ ಎಂತ ಅದು? ರೈಲ್ವೆ ಸೀಲು ಹೋಗ್ಲಿಲ್ವಾ?” ಎಂದ.

ಸುಲೋಚನಾ ಒಳಗಿನಿಂದ ಮೂರು ಲೋಟ ಕಾಫಿ ತಂದಿಟ್ಟಳು.

“ರೈಲ್ವೆಯದ್ದು ಹೋಯ್ತು ಶೀನಣ್ಣ. ಇದು ಇವರ ಸೀಲು.”

ಸೀಲು ಬಿದ್ದ ಮೇಲೆ ಚೌಕಾಶಿ ನಡೆಯುವುದಿಲ್ಲ; ಇಷ್ಟು ವರ್ಷದ ವ್ಯಾಪಾರದಲ್ಲಿ ಅಷ್ಟಾದರೂ ಕಲಿತಿದ್ದೇನೆ. ಲೋಟ ಎತ್ತಿ ಒಂದು ಗುಟುಕು ಕುಡಿದೆ. ನಿಧಿ ಅಂದು ತಂದಿಟ್ಟಿದ್ದ ಪೊಟ್ಟಣದ ಕಾಫಿ. ಶೀನಣ್ಣನೂ ಕುಡಿದು ನನ್ನ ಮುಖ ನೋಡಿದ. ಚೆನ್ನಾಗಿದೆ ಎಂದೆವು, ಇಬ್ಬರೂ.